ನಾಯಿಯ ಕ್ಯಾನ್ಸರ್‌ಗೆ ಗಾಂಜಾ ಎಣ್ಣೆ: ನಾವು ಹೇಳಿದ್ದೇನು, ಹೇಳಬೇಕಿದ್ದೇನು?

ಇವತ್ತು ರಾಜಕೀಯ ಇಲ್ಲ. ಒಂದು ನಾಯಿಯ ವಿಷಯ ಮಾತಾಡೋಣ. ನಾಯಿ ಅಂದ ಕೂಡಲೇ ರಿಮೋಟ್ ಕೈಗೆ ತಗೋಬೇಡಿ. ಇದರಲ್ಲಿ ವಿಜ್ಞಾನ ಇದೆ, ಕಾನೂನು ಇದೆ, ದುಡ್ಡಿನ ಲೆಕ್ಕ ಇದೆ. ನಮ್ಮದೇ ಒಂದು ತಪ್ಪೂ ಇದೆ. ಆ ತಪ್ಪಿನಿಂದಲೇ ಶುರು ಮಾಡ್ತೀನಿ.

ಕೆಲವು ತಿಂಗಳ ಹಿಂದೆ ನಾವೊಂದು ಸ್ಟೋರಿ ಮಾಡಿದ್ವಿ. ಸ್ಕ್ರೀನ್ ಕೆಳಗೆ ಓಡಿದ ಸಾಲು ಹೀಗಿತ್ತು: 'ಮುದ್ದಿನ ನಾಯಿಯ ಕ್ಯಾನ್ಸರ್‌ಗೆ ಗಾಂಜಾ ಎಣ್ಣೆ ರಾಮಬಾಣ?' ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಹಾಕಿದ್ರೆ ನಾವೇನೂ ಹೇಳಿಲ್ಲ, ಬರೀ ಕೇಳಿದ್ದೀವಿ ಅಂತ ನಮ್ಮ ನಂಬಿಕೆ. ನಾಲ್ಕು ನಿಮಿಷದ ಸ್ಟೋರಿ. ಅಮೆರಿಕದ ಒಂದೆರಡು ವಿಡಿಯೋ, ಕುಂಟುತ್ತಿದ್ದ ನಾಯಿ ಆಮೇಲೆ ಓಡುವ ದೃಶ್ಯ, ಹಿನ್ನೆಲೆಯಲ್ಲಿ ಸಂಗೀತ. ಓದಿದ್ದು ನಾನೇ.

ಹೋದ ವಾರ ದಾವಣಗೆರೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ರು. ಅವರ ಮನೆಯಲ್ಲಿ ಒಂಬತ್ತು ವರ್ಷದ ಹೆಣ್ಣು ನಾಯಿ. ಬೀದಿಯಿಂದ ತಂದು ಸಾಕಿದ್ದು. ಅದರ ಕೆಚ್ಚಲಿನ ಹತ್ತಿರ ಹುಣಸೆ ಬೀಜದಷ್ಟು ಗಂಟು ಕಂಡಿತ್ತು. ಆಪರೇಷನ್ ಮಾಡಿಸಿ ಅಂತ ವೈದ್ಯರು ಹೇಳಿದ್ರಂತೆ. ವಯಸ್ಸಾದ ಜೀವ, ಮತ್ತು ಬರಿಸಿದ್ರೆ ಮತ್ತೆ ಕಣ್ಣು ಬಿಡುತ್ತೋ ಇಲ್ಲವೋ ಅಂತ ಮೇಷ್ಟ್ರಿಗೆ ಭಯ. ಅದೇ ವಾರ ನಮ್ಮ ಸ್ಟೋರಿ ನೋಡಿದ್ರು.

"ನೋಡಪ್ಪಾ, ಜಗಳ ಆಡೋಕೆ ಫೋನ್ ಮಾಡಿಲ್ಲ. ನಿನ್ನ ಮಾತು ಕೇಳಿ ಎಣ್ಣೆ ತರಿಸಿದೆ. ಮೂರು ತಿಂಗಳು ಹಾಕಿದೆ. ಗಂಟು ಈಗ ನಿಂಬೆಹಣ್ಣಿನಷ್ಟಾಗಿದೆ. ಎಕ್ಸ್‌ರೇ ತೆಗೆದು ಶ್ವಾಸಕೋಶಕ್ಕೂ ಹೋಗಿದೆ ಅಂತಾರೆ ಡಾಕ್ಟ್ರು. ಇನ್ನು ನೋವಿಗಾದ್ರೂ ಆ ಎಣ್ಣೆ ಕೊಡಬಹುದಾ, ಬಿಟ್ಟುಬಿಡಲಾ? ಅಷ್ಟು ಹೇಳು ಸಾಕು."

ನನ್ನ ಹತ್ರ ಉತ್ತರ ಇರಲಿಲ್ಲ. "ಎರಡು ದಿನ ಟೈಮ್ ಕೊಡಿ ಮೇಷ್ಟ್ರೇ" ಅಂದೆ. ಆ ಎರಡು ದಿನದಲ್ಲಿ ಓದಿದ್ದನ್ನ, ಪರಿಚಯದ ಪಶುವೈದ್ಯರ ಹತ್ರ ಕೇಳಿ ತಿಳಿದಿದ್ದನ್ನ ನಿಮ್ಮ ಮುಂದೆ ಇಡ್ತಿದ್ದೀನಿ. ಇಂಜಿನಿಯರಿಂಗ್ ಓದಿದವನು ನಾನು. ಅಂಕಿ ಕಂಡರೆ ಕೂಡಿ ಕಳೆದು ನೋಡೋದು ಅಭ್ಯಾಸ. ಆದ್ರೆ ಆ ಸ್ಟೋರಿ ಓದುವಾಗ ಒಂದೇ ಒಂದು ಲೆಕ್ಕವನ್ನೂ ಮಾಡಿರಲಿಲ್ಲ.

ಏನಿದು ಸಿಬಿಡಿ?

ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳಿವೆ. ನಮಗೆ ಬೇಕಾದದ್ದು ಎರಡು. ಒಂದು ಟಿಎಚ್‌ಸಿ. ನಶೆ ಏರಿಸುವುದು ಇದು. ಇನ್ನೊಂದು ಸಿಬಿಡಿ, ಅಂದ್ರೆ ಕ್ಯಾನಬಿಡಿಯಾಲ್. ಇದು ನಶೆ ಏರಿಸುವುದಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ 1940ರಲ್ಲಿ ಸಿಬಿಡಿಯನ್ನು ಗಿಡದಿಂದ ಬೇರ್ಪಡಿಸಿದರು. ಅದರ ನಿಖರ ರಚನೆಯನ್ನು 1963ರಲ್ಲಿ ತಿಳಿಸಿದ್ದು ಇಸ್ರೇಲ್‌ನ ರಫೇಲ್ ಮೆಕೊಲಮ್. ಮರುವರ್ಷ ಟಿಎಚ್‌ಸಿಯನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದೂ ಅವರ ತಂಡವೇ.

ಮನುಷ್ಯರ ದೇಹದಲ್ಲಿ, ನಾಯಿ ಬೆಕ್ಕುಗಳ ದೇಹದಲ್ಲಿ ಕೂಡ, ಈ ಬಗೆಯ ರಾಸಾಯನಿಕಗಳನ್ನು ಗುರುತಿಸುವ ಗ್ರಾಹಕಗಳಿವೆ. ಬೀಗಕ್ಕೆ ಕೀಲಿ ಕೂತ ಹಾಗೆ ಅಂದ್ಕೊಳ್ಳಿ. ಬೀಗ ಇದ್ದ ಮೇಲೆ ದೇಹದೊಳಗೇ ಒಂದು ಕೀಲಿ ಇರಬೇಕಲ್ವಾ? ಅದು ಸಿಕ್ಕಿದ್ದು 1992ರಲ್ಲಿ, ಮೆಕೊಲಮ್ ಅವರ ಪ್ರಯೋಗಾಲಯದಲ್ಲೇ. ಅದಕ್ಕೆ ಇಟ್ಟ ಹೆಸರು ಅನಂಡಮೈಡ್. ನಮ್ಮ 'ಆನಂದ' ಅನ್ನೋ ಪದದಿಂದಲೇ ಬಂದ ಹೆಸರು.

ಟಿಎಚ್‌ಸಿ ನೇರವಾಗಿ ಆ ಬೀಗಕ್ಕೆ ಕೂರುತ್ತೆ. ಸಿಬಿಡಿ ಅಲ್ಲಿ ಅಷ್ಟಾಗಿ ಕೂರುವುದಿಲ್ಲ. ಅದು ಬೇರೆ ಕೆಲವು ಗ್ರಾಹಕಗಳ ಮೇಲೆ ಕೆಲಸ ಮಾಡುತ್ತೆ. ಮೆಣಸಿನಕಾಯಿಯ ಖಾರ ಗ್ರಹಿಸುವ ಗ್ರಾಹಕವೂ ಅದರಲ್ಲಿ ಒಂದು. ನೋವು, ಉರಿಯೂತದ ಜೊತೆ ಈ ಗ್ರಾಹಕಗಳಿಗೆ ಸಂಬಂಧ ಇದೆ. ಹಾಗಾಗಿ ಸಿಬಿಡಿಯನ್ನು ವಿಜ್ಞಾನಿಗಳು ಗಂಭೀರವಾಗಿ ಪರೀಕ್ಷೆ ಮಾಡ್ತಿರೋದು ನಿಜ. ಇದು ಮೂಢನಂಬಿಕೆಯ ವಿಷಯ ಅಲ್ಲ. ಮಕ್ಕಳಲ್ಲಿ ಕಾಣುವ ಎರಡು ಬಗೆಯ ತೀವ್ರ ಮೂರ್ಛೆರೋಗಕ್ಕೆ ಸಿಬಿಡಿ ಔಷಧವೊಂದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರ ಜೂನ್‌ನಲ್ಲಿ ಒಪ್ಪಿತು. ಅದು ಮನುಷ್ಯರಿಗೆ. ಪ್ರಾಣಿಗಳಿಗೆ ಅಂತ ಅದು ಒಪ್ಪಿದ ಸಿಬಿಡಿ ಔಷಧ ಇಲ್ಲ.

ನಾಯಿಗಳಲ್ಲಿ ಏನು ಸಿಕ್ಕಿದೆ?

2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಸಂಧಿವಾತ ಇರುವ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಪೂರ್ತಿ ಮುಗಿಸಿದ್ದು 16 ನಾಯಿಗಳು. ಪ್ರತಿ ಕಿಲೋ ತೂಕಕ್ಕೆ 2 ಮಿಲಿಗ್ರಾಂ ಸಿಬಿಡಿ, ದಿನಕ್ಕೆ ಎರಡು ಸಲ. ಯಾವ ಬಾಟಲಿಯಲ್ಲಿ ಸಿಬಿಡಿ ಇದೆ, ಯಾವುದರಲ್ಲಿ ಬರೀ ಎಣ್ಣೆ ಇದೆ ಅನ್ನೋದು ಮಾಲೀಕರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡುವ ವೈದ್ಯರಿಗೂ ಗೊತ್ತಿಲ್ಲ. ನೋವು ಕಡಿಮೆಯಾದ ಅಂಕ ಬಂತು. ಜೊತೆಗೆ ಲಿವರ್‌ಗೆ ಸಂಬಂಧಪಟ್ಟ ಒಂದು ಕಿಣ್ವ ರಕ್ತದಲ್ಲಿ ಏರಿದ್ದೂ ಕಂಡಿತು.

2019ರಲ್ಲಿ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದವರು ಮೂರ್ಛೆರೋಗದ ನಾಯಿಗಳಿಗೆ ಸಿಬಿಡಿ ಕೊಟ್ಟು ನೋಡಿದರು. ಫಿಟ್ಸ್ ಬರುವುದು ಮೂರನೇ ಒಂದು ಭಾಗದಷ್ಟು ಇಳಿಯಿತು. ಆದರೆ 'ಫಿಟ್ಸ್ ಅರ್ಧಕ್ಕರ್ಧ ಇಳಿದ ನಾಯಿಗಳೆಷ್ಟು' ಅಂತ ಎಣಿಸಿದಾಗ ಎರಡೂ ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅದೇ ವಿಶ್ವವಿದ್ಯಾಲಯದಿಂದ 2021ರಲ್ಲಿ ಬಂದ ಸಂಧಿವಾತದ ಪ್ರಯೋಗದಲ್ಲಿ ಸಿಬಿಡಿಗೂ ಬರೀ ಎಣ್ಣೆಗೂ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ಸಂಧಿನೋವಿನ ವಿಷಯದಲ್ಲೇ ಒಂದು ಕಡೆ 'ಹೌದು', ಇನ್ನೊಂದು ಕಡೆ 'ಇಲ್ಲ'.

ಇದೆಲ್ಲ ಸಂಧಿನೋವು, ಫಿಟ್ಸ್ ವಿಚಾರ. ಕ್ಯಾನ್ಸರ್ ಕಥೆ ಏನು?

ನಾಯಿಗಳ ಕ್ಯಾನ್ಸರ್ ಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ, ಅದರ ಮೇಲೆ ಸಿಬಿಡಿ ಹಾಕಿದ್ದಾರೆ. ಕೋಶಗಳ ಬೆಳವಣಿಗೆ ತಗ್ಗಿದೆ, ಎಷ್ಟೋ ಕೋಶ ಸತ್ತಿವೆ. ಇದು ಸುಳ್ಳಲ್ಲ. ನಮ್ಮ ಸ್ಟೋರಿಯಲ್ಲಿ 'ಕ್ಯಾನ್ಸರ್ ಕೋಶ ಕೊಲ್ಲುತ್ತೆ' ಅಂತ ನಾನು ಓದಿದ್ದು ಇದನ್ನೇ. ಆದ್ರೆ ತಟ್ಟೆ ಬೇರೆ, ನಾಯಿ ಬೇರೆ. ತಟ್ಟೆಯಲ್ಲಿ ಕೋಶ ಸಾಯಲು ಬೇಕಾಗುವುದು ಒಂದು ಮಿಲಿಲೀಟರ್‌ಗೆ ಕೆಲವು ಮೈಕ್ರೋಗ್ರಾಂ. ಕಾರ್ನೆಲ್ ಪ್ರಯೋಗದ ಪ್ರಮಾಣದಲ್ಲಿ ಕೊಟ್ಟಾಗ ನಾಯಿಯ ರಕ್ತದಲ್ಲಿ ಸಿಕ್ಕಿದ್ದು ಮಿಲಿಲೀಟರ್‌ಗೆ ಸುಮಾರು 0.1 ಮೈಕ್ರೋಗ್ರಾಂ. ಹತ್ತಾರು ಪಟ್ಟು ಕಡಿಮೆ. ತಟ್ಟೆಗೆ ಸುರಿದರೆ ಕ್ಯಾನ್ಸರ್ ಕೋಶ ಕೊಲ್ಲುವ ಪದಾರ್ಥಗಳು ನಮ್ಮ ಅಡುಗೆಮನೆಯಲ್ಲೂ, ಬಚ್ಚಲುಮನೆಯಲ್ಲೂ ಇವೆ. ಸೋಪಿನ ನೀರು ಹಾಕಿದ್ರೂ ಸಾಯುತ್ವೆ. ಹಾಗಂತ ಸೋಪು ಔಷಧ ಆಗಲ್ಲ.

ಕ್ಯಾನ್ಸರ್ ಬಂದ ನಾಯಿಗೆ ಸಿಬಿಡಿ ಕೊಟ್ಟರೆ ಗೆಡ್ಡೆ ಕರಗುತ್ತೆ, ಆಯಸ್ಸು ಹೆಚ್ಚುತ್ತೆ ಅಂತ ತೋರಿಸಿದ ಸರಿಯಾದ ಪ್ರಯೋಗ ನಾನು ಹುಡುಕಿದ ಕಡೆ ಎಲ್ಲೂ ಸಿಗಲಿಲ್ಲ. ಆ ಸ್ಟೋರಿಯ ದಿನ ನಾನು ಹೇಳಬೇಕಿದ್ದ ಸಾಲು ಇದು. ಪ್ರಶ್ನಾರ್ಥಕ ಚಿಹ್ನೆ ಬೇಕಿರಲಿಲ್ಲ.

ಬಾಟಲಿಯ ಲೆಕ್ಕ

ಈಗ ನನ್ನ ಇಷ್ಟದ ವಿಷಯಕ್ಕೆ ಬರ್ತೀನಿ. 30 ಕಿಲೋ ತೂಕದ ಲ್ಯಾಬ್ರಡಾರ್ ತಗೊಳ್ಳಿ. ಕಾರ್ನೆಲ್ ಪ್ರಮಾಣದಲ್ಲಿ ಒಂದು ಸಲಕ್ಕೆ 60 ಮಿಲಿಗ್ರಾಂ, ದಿನಕ್ಕೆ 120. ಒಂದು ಬಾಟಲಿ 30 ಮಿಲಿಲೀಟರ್, ಅದರಲ್ಲಿ 1000 ಮಿಲಿಗ್ರಾಂ ಸಿಬಿಡಿ ಇದೆ ಅಂದ್ಕೊಳ್ಳಿ. ಎಂಟು ದಿನಕ್ಕೆ ಬಾಟಲಿ ಖಾಲಿ. ತಿಂಗಳಿಗೆ ನಾಲ್ಕು ಬಾಟಲಿ ಹತ್ತಿರ ಬೇಕು. ಅದೇ ಬಾಟಲಿಯಿಂದ 'ದಿನಕ್ಕೆ ಐದು ಹನಿ' ಹಾಕಿದ್ರೆ ಸಿಗೋದು ಸುಮಾರು 8 ಮಿಲಿಗ್ರಾಂ. ಪ್ರಯೋಗದಲ್ಲಿ ಕೊಟ್ಟದ್ದರ ಹದಿನೈದನೇ ಒಂದು ಪಾಲು. ಜಾಹೀರಾತಿನಲ್ಲಿ ತೋರಿಸುವುದು ವಿಶ್ವವಿದ್ಯಾಲಯದ ಪ್ರಯೋಗ, ಮನೆಯಲ್ಲಿ ಹಾಕುವುದು ಐದು ಹನಿ. ಎರಡಕ್ಕೂ ಸಂಬಂಧವೇ ಇಲ್ಲ.

ಮೇಷ್ಟ್ರ ಹತ್ರ ಅವರ ಬಾಟಲಿಯ ಫೋಟೋ ತರಿಸಿಕೊಂಡೆ. ಅದರ ಮೇಲೆ 'ಹೆಂಪ್ ಸೀಡ್ ಆಯಿಲ್' ಅಂತಿತ್ತು. ಅಂದ್ರೆ ಬೀಜದ ಎಣ್ಣೆ. ಬೀಜದಲ್ಲಿ ಸಿಬಿಡಿ ಹೆಚ್ಚೂ ಕಡಿಮೆ ಇರುವುದೇ ಇಲ್ಲ. ನಮ್ಮ ಎಫ್‌ಎಸ್‌ಎಸ್‌ಎಐ 2021ರಲ್ಲಿ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರವಾಗಿ ಒಪ್ಪಿದಾಗ ಸಿಬಿಡಿಗೆ ಮಿತಿಯನ್ನೂ ಹಾಕಿತು. ಕಿಲೋಗೆ 75 ಮಿಲಿಗ್ರಾಂ ಮೀರಬಾರದು. ಆ ಲೆಕ್ಕದಲ್ಲಿ ಇಡೀ 30 ಮಿಲಿಲೀಟರ್ ಬಾಟಲಿಯಲ್ಲಿ ಹೆಚ್ಚೆಂದರೆ 2 ಮಿಲಿಗ್ರಾಂ. ಮೇಷ್ಟ್ರ ನಾಯಿಯ ತೂಕ 15 ಕಿಲೋ. ಒಂದು ಹೊತ್ತಿಗೇ 30 ಮಿಲಿಗ್ರಾಂ ಬೇಕು. ಅವರು ಮೂರು ತಿಂಗಳು ಹಾಕಿದ್ದು ಒಳ್ಳೆಯ ಅಡುಗೆ ಎಣ್ಣೆ, ಅಷ್ಟೆ. ನಮ್ಮ ಸ್ಟೋರಿಯಲ್ಲಿ ಬೀಜದ ಎಣ್ಣೆ ಬೇರೆ, ಸಿಬಿಡಿ ಎಣ್ಣೆ ಬೇರೆ ಅಂತ ಒಂದು ಮಾತೂ ಇರಲಿಲ್ಲ.

ಸಿಬಿಡಿ ಅಂತಲೇ ಬರೆದ ಬಾಟಲಿ ತಂದ್ರೂ ನಂಬೋ ಹಾಗಿಲ್ಲ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಮಾರುವ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದ ವರದಿ 2017ರಲ್ಲಿ ಬಂತು. ಲೇಬಲ್ ಮೇಲೆ ಬರೆದಷ್ಟೇ ಸಿಬಿಡಿ ಇದ್ದದ್ದು ನೂರಕ್ಕೆ 31ರಲ್ಲಿ ಮಾತ್ರ. 18 ಉತ್ಪನ್ನಗಳಲ್ಲಿ ಟಿಎಚ್‌ಸಿ ಸಿಕ್ಕಿತು. ಇದು ಸಣ್ಣ ವಿಷಯ ಅಲ್ಲ. ನಾಯಿಯ ಮಿದುಳಿನಲ್ಲಿ, ಮುಖ್ಯವಾಗಿ ನಡಿಗೆಯ ತೋಲ ಕಾಯುವ ಭಾಗದಲ್ಲಿ, ಟಿಎಚ್‌ಸಿ ಕೂರುವ ಗ್ರಾಹಕಗಳು ತುಂಬಾ ದಟ್ಟವಾಗಿವೆ. ಟಿಎಚ್‌ಸಿ ಹೆಚ್ಚಾದರೆ ನಾಯಿ ತೂರಾಡುತ್ತೆ, ಜೊಲ್ಲು ಸುರಿಸುತ್ತೆ, ನಿಂತಲ್ಲೇ ಮೂತ್ರ ಸೋರುತ್ತೆ, ಮೈ ತಣ್ಣಗಾಗುತ್ತೆ. ಮನುಷ್ಯರಿಗೆ ಮಾಡಿದ ಸಿಬಿಡಿ ಗಮ್ಮಿ ಕೊಡೋಣ ಅಂದ್ರೆ ಕೆಲವದರಲ್ಲಿ ಸಕ್ಕರೆ ಬದಲು ಜೈಲಿಟಾಲ್ ಹಾಕಿರುತ್ತಾರೆ. ನಾಯಿಗೆ ಅದು ವಿಷ.

'ನನ್ನ ಕಣ್ಣಾರೆ ನೋಡಿದೀನಿ' ಅನ್ನೋರಿಗೆ

'ಏನ್ ಸ್ವಾಮಿ, ನಮ್ಮ ನಾಯಿ ಚುರುಕಾಗಿದ್ದು ನಾನೇ ನೋಡಿದೀನಿ' ಅಂತ ಹೇಳೋರು ಬಹಳ ಜನ. ಅವರು ಸುಳ್ಳು ಹೇಳ್ತಿಲ್ಲ. ಆದ್ರೆ ನಮ್ಮ ಕಣ್ಣು ನಮಗೇ ಮೋಸ ಮಾಡುತ್ತೆ. ಕುಂಟುವ ನಾಯಿಗಳ ಒಂದು ಔಷಧ ಪ್ರಯೋಗದಲ್ಲಿ ಹುಸಿ ಔಷಧ ಪಡೆದ ನಾಯಿಗಳ ಅಂಕಿಗಳನ್ನು ಮಿನೆಸೋಟ ವಿಶ್ವವಿದ್ಯಾಲಯದವರು ಮತ್ತೆ ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ನಾಯಿ ಕಾಲೂರಿದಾಗ ನೆಲದ ಮೇಲೆ ಬೀಳುವ ಬಲವನ್ನು ಅಳೆಯುವ ತಟ್ಟೆ ಇತ್ತು. ಯಂತ್ರ 'ಸುಧಾರಣೆ ಇಲ್ಲ' ಅಂದಾಗಲೂ ನೂರಕ್ಕೆ ಸುಮಾರು 40 ಸಲ ಮಾಲೀಕರು 'ಕುಂಟು ಕಡಿಮೆಯಾಗಿದೆ' ಅಂದಿದ್ದರು. ಪಶುವೈದ್ಯರೂ ಇದಕ್ಕೆ ಹೊರತಲ್ಲ. ನಾಯಿಗೆ ಔಷಧದ ಮೇಲೆ ನಂಬಿಕೆ ಇರಲ್ಲ. ನಂಬಿಕೆ ಇರೋದು ನಮಗೆ. ಅದನ್ನೇ ನಾವು ನಾಯಿಯ ಮೈಮೇಲೆ ಕಾಣ್ತೀವಿ.

ಮನುಷ್ಯರಲ್ಲೂ ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ ಕ್ಯಾನ್ಸರ್ ಕೊನೆಯ ಹಂತದಲ್ಲಿದ್ದ 144 ರೋಗಿಗಳ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಅರ್ಧ ಜನಕ್ಕೆ ಸಿಬಿಡಿ, ಉಳಿದವರಿಗೆ ಹುಸಿ ಎಣ್ಣೆ. ಇಬ್ಬರಿಗೂ ಸ್ವಲ್ಪ ಹಾಯೆನಿಸಿತು. ಒಳ್ಳೆಯ ಆರೈಕೆ ಎರಡೂ ಕಡೆ ಇತ್ತು. ಅದರ ಮೇಲೆ ಸಿಬಿಡಿಯಿಂದ ಹೆಚ್ಚಿನ ಪ್ರಯೋಜನ ಏನೂ ಕಾಣಲಿಲ್ಲ.

ಕಾನೂನು ಏನನ್ನುತ್ತೆ?

1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಭಂಗಿ ಸೊಪ್ಪಿನ ಕಥೆ ಬೇರೆಯಾಗಿರೋದು ಅದಕ್ಕೇ. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಇದನ್ನು ಎತ್ತಿ ಹೇಳಿತ್ತು. ಎಲೆಯಿಂದ ತೆಗೆದ ಸಾರವನ್ನು 'ವಿಜಯಾ' ಹೆಸರಿನಲ್ಲಿ ಆಯುರ್ವೇದ ಲೈಸೆನ್ಸ್ ಮೇಲೆ ಮಾಡಿ ಮಾರುತ್ತಾರೆ.

ಆದ್ರೆ ಅಮೆರಿಕದ ಲೆಕ್ಕ ಬೇರೆ. ಅಲ್ಲಿ 2018ರ ಕಾಯ್ದೆ ಪ್ರಕಾರ ಟಿಎಚ್‌ಸಿ ಶೇಕಡ 0.3 ಮೀರದ ಗಿಡ ಹೆಂಪ್, ಅದನ್ನು ಬೆಳೆಯಬಹುದು. ಸಿಬಿಡಿ ತೆಗೆಯೋದು ಹೆಚ್ಚಾಗಿ ಹೂವಿನಿಂದಲೇ. ನಮ್ಮ ಕಾಯ್ದೆಯ ವ್ಯಾಖ್ಯೆಯಲ್ಲಿ ಶೇಕಡಾವಾರು ಲೆಕ್ಕ ಇಲ್ಲ. ಗಿಡದ ಯಾವ ಭಾಗ ಅನ್ನೋದೇ ಮುಖ್ಯ. ಆದ್ದರಿಂದ ಅಮೆರಿಕದಲ್ಲಿರುವ ಮಗನಿಗೋ ಮಗಳಿಗೋ ಹೇಳಿ ಸೂಟ್‌ಕೇಸಿನಲ್ಲಿ ತರಿಸೋಕೆ ಹೋಗಬೇಡಿ. ಅಲ್ಲಿ ಅಂಗಡಿಯಲ್ಲಿ ಸಿಗುವ ಬಾಟಲಿ ಇಲ್ಲಿ ವಿಮಾನ ನಿಲ್ದಾಣದಲ್ಲಿ ಕೇಸ್ ಆಗಬಹುದು.

ಅಲ್ಲಿಯೂ ವೈದ್ಯರ ಕೈ ಪೂರ್ತಿ ಬಿಚ್ಚಿಲ್ಲ. ಗಾಂಜಾ ವಿಷಯದಲ್ಲಿ ಪ್ರಾಣಿ ಮಾಲೀಕರ ಜೊತೆ ಪಶುವೈದ್ಯರು ಮಾತಾಡಿದ್ರೆ ಶಿಸ್ತುಕ್ರಮ ಆಗಬಾರದು ಅಂತ ಕ್ಯಾಲಿಫೋರ್ನಿಯಾ 2018ರಲ್ಲಿ ಕಾನೂನನ್ನೇ ಮಾಡಬೇಕಾಯ್ತು. ವೈದ್ಯರು ಬಾಯಿ ಬಿಡದ ಕಡೆ ಅಂಗಡಿಯವರು ಮಾತಾಡ್ತಾರೆ. ನಮ್ಮಂಥವರೂ ಮಾತಾಡ್ತೀವಿ.

ಕಾದು ಕೂತರೆ ಏನು ಕಳ್ಕೊಳ್ತೀವಿ?

ಎಣ್ಣೆಯಿಂದ ಆಗುವ ತೊಂದರೆಗಿಂತ ಎಣ್ಣೆ ನಂಬಿ ಕೂರುವುದರಿಂದ ಆಗುವ ನಷ್ಟ ದೊಡ್ಡದು. ನಾಲ್ಕರಲ್ಲಿ ಒಂದು ನಾಯಿಗೆ ಜೀವನದಲ್ಲಿ ಒಮ್ಮೆಯಾದರೂ ಗೆಡ್ಡೆಯ ಕಾಯಿಲೆ ಬರುತ್ತೆ ಅನ್ನೋದು ಅಮೆರಿಕದ ಪಶುವೈದ್ಯಕೀಯ ಸಂಘದ ಅಂದಾಜು. ಇದರಲ್ಲಿ ಎಷ್ಟೋ ಕಾಯಿಲೆಗೆ ಚಿಕಿತ್ಸೆ ಇದೆ.

ನಮ್ಮ ಬೀದಿ ನಾಯಿಗಳಲ್ಲಿ, ಹೊರಗೆ ತಿರುಗಾಡುವ ಸಾಕುನಾಯಿಗಳಲ್ಲಿ ಸಂಭೋಗದಿಂದ ಹರಡುವ ಒಂದು ಬಗೆಯ ಗೆಡ್ಡೆ ಸಾಮಾನ್ಯ. ಜನನಾಂಗದಲ್ಲಿ ಹೂಕೋಸಿನ ಹಾಗೆ ಬೆಳೆಯುತ್ತೆ, ರಕ್ತ ಸೋರುತ್ತೆ. ನೋಡೋಕೆ ಭಯಂಕರ. ಆದ್ರೆ ವಿನ್‌ಕ್ರಿಸ್ಟಿನ್ ಅನ್ನೋ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ. ಇಂಥ ನಾಯಿಗೆ ಹನಿ ಹಾಕ್ತಾ ಕೂರೋದು ಅನ್ಯಾಯ.

ಹೆಣ್ಣು ನಾಯಿಯ ಸ್ತನದ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕೆಟ್ಟ ಗಂಟು. ಮೂರು ಸೆಂಟಿಮೀಟರ್ ಒಳಗಿದ್ದಾಗ ತೆಗೆಸಿದ್ರೆ ಉಳಿಯುವ ಸಾಧ್ಯತೆ ಹೆಚ್ಚು. ಮೊದಲ ಬೆದೆಗೆ ಬರುವ ಮುಂಚೆಯೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ರೆ ಈ ಗಂಟು ಬರೋದೇ ಬಹಳ ಅಪರೂಪ. ಗ್ರಂಥಿಗಳ ಕ್ಯಾನ್ಸರ್ ಲಿಂಫೋಮಾಕ್ಕೆ ಕಿಮೋಥೆರಪಿ ಕೊಟ್ಟರೆ ಗುಣವಾಗುವುದು ಅಪರೂಪ, ಆದ್ರೆ ಬಹಳಷ್ಟು ನಾಯಿಗಳು ಸುಮಾರು ಒಂದು ವರ್ಷ ಚೆನ್ನಾಗಿ ಬದುಕುತ್ತವೆ. ನಾಯಿಯ ಲೆಕ್ಕದಲ್ಲಿ ಒಂದು ವರ್ಷ ಕಡಿಮೆ ಏನಲ್ಲ.

ಇನ್ನೊಂದು ಮಾತು. ಸಿಬಿಡಿ ಲಿವರ್‌ನಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳಿಗೆ ಅಡ್ಡ ಬರುತ್ತೆ. ಈಗ ಹೇಳಿದ ವಿನ್‌ಕ್ರಿಸ್ಟಿನ್ ಕೂಡ ಲಿವರ್‌ನಲ್ಲೇ ಕರಗಬೇಕು. ಕಿಮೋಥೆರಪಿ ನಡೀತಿರುವಾಗ ವೈದ್ಯರಿಗೆ ಹೇಳದೆ ಎಣ್ಣೆ ಕೊಡೋದು ಅಪಾಯ. ಬೈತಾರೆ ಅಂತ ಮುಚ್ಚಿಡಬೇಡಿ.

ಮೇಷ್ಟ್ರಿಗೆ ಕೊಟ್ಟ ಉತ್ತರ

ಎರಡು ದಿನದ ನಂತರ ನಾನೇ ಫೋನ್ ಮಾಡಿದೆ. ಹೇಳಿದ್ದು ಇಷ್ಟು.

ಮೇಷ್ಟ್ರೇ, ಆ ಎಣ್ಣೆಯಿಂದ ಕ್ಯಾನ್ಸರ್ ಹೋಗಲ್ಲ. ಅವತ್ತೇ ಆಪರೇಷನ್ ಮಾಡಿಸಿದ್ರೆ ಉಳೀತಿತ್ತು ಅಂತಲೂ ನಾನು ಖಾತ್ರಿಯಾಗಿ ಹೇಳಲಾರೆ, ಯಾರೂ ಹೇಳಲಾರರು. ಆದ್ರೆ ಅವಕಾಶ ಇತ್ತು. ಅದನ್ನ ನಾವು ನಿಮ್ಮಿಂದ ಕಸಿದುಕೊಂಡ್ವಿ. ಈಗ ನೋವಿಗೆ ಮೊದಲು ವೈದ್ಯರ ಹತ್ರ ನೋವಿನ ಔಷಧ ಕೇಳಿ. ನಾಯಿಗಳಿಗೆ ಅಂತಲೇ ಪರೀಕ್ಷೆಯಾದ ಮಾತ್ರೆಗಳಿವೆ. ನಮ್ಮ ಮನೆ ಡಬ್ಬಿಯ ಮಾತ್ರೆ ಮಾತ್ರ ಬೇಡ. ಅದಾದ ಮೇಲೂ ಸಿಬಿಡಿ ಕೊಡಬೇಕು ಅನ್ನಿಸಿದ್ರೆ ವೈದ್ಯರಿಗೆ ಹೇಳಿಯೇ ಕೊಡಿ. ಬೀಜದ ಎಣ್ಣೆ ಅಲ್ಲ. ಎಷ್ಟು ಸಿಬಿಡಿ, ಎಷ್ಟು ಟಿಎಚ್‌ಸಿ ಅಂತ ಲ್ಯಾಬ್ ವರದಿ ಇರುವ ಬಾಟಲಿ. ಆಗಾಗ ಲಿವರ್ ಪರೀಕ್ಷೆ. ಬೇರೆ ಔಷಧದ ಜೊತೆಗೆ ಕೊಡಿ, ಅದರ ಬದಲಿಗೆ ಬೇಡ.

ಒಂದು ನೋಟ್‌ಬುಕ್ ಇಡಿ ಅಂದೆ. ಆಲಿಸ್ ವಿಲ್ಲಲೋಬೋಸ್ ಅನ್ನೋ ಅಮೆರಿಕದ ಪಶುವೈದ್ಯೆ ಕೊನೆಗಾಲದ ಪ್ರಾಣಿಗಳಿಗಾಗಿ ಒಂದು ಅಳತೆಗೋಲು ಮಾಡಿದ್ದಾರೆ. ಏಳು ವಿಷಯ. ನೋವು ಹಿಡಿತದಲ್ಲಿದೆಯಾ, ಊಟ ಮಾಡುತ್ತಾ, ನೀರು ಕುಡಿಯುತ್ತಾ, ಮೈ ಸ್ವಚ್ಛವಾಗಿದೆಯಾ, ಖುಷಿಯಾಗಿದೆಯಾ, ಎದ್ದು ಓಡಾಡುತ್ತಾ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯಾ. ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಅಂತ ಅಂಕ ಹಾಕಿ. ಒಟ್ಟು 70ರಲ್ಲಿ 35 ದಾಟುವವರೆಗೆ ಬದುಕು ಸಹನೀಯ. ಅದಕ್ಕಿಂತ ಇಳಿದ್ರೆ ವೈದ್ಯರ ಜೊತೆ ಕೂತು ಆ ಕಷ್ಟದ ಮಾತು ಆಡಬೇಕು. ಜೀವನವೆಲ್ಲ ಮಕ್ಕಳ ಪೇಪರ್ ತಿದ್ದಿದ ಮೇಷ್ಟ್ರಿಗೆ ಅಂಕ ಹಾಕೋದು ಹೊಸದೇನಲ್ಲ.

ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು: "ಇಷ್ಟನ್ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲಪ್ಪಾ."

ಅದಕ್ಕೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ. ಆ ಹಳೇ ಸ್ಟೋರಿಯನ್ನ ತೆಗೆಸಿದ್ದೀವಿ. ಆದ್ರೆ ಅದನ್ನ ನೋಡಿ ಬಾಟಲಿ ತರಿಸಿಕೊಂಡ ಬೇರೆ ಮನೆಗಳೂ ಇರಬಹುದು. ನೀವು ಅವರಲ್ಲಿ ಒಬ್ಬರಾಗಿದ್ರೆ ಒಂದೇ ಮಾತು. ನಿಮ್ಮ ನಾಯಿಯ ಮೈಮೇಲೆ ಗಂಟಿದ್ರೆ ನಾಳೆ ಬೆಳಿಗ್ಗೆಯೇ ಪಶುವೈದ್ಯರ ಹತ್ರ ಹೋಗಿ. ಸೂಜಿ ಚುಚ್ಚಿ ನಾಲ್ಕು ಕೋಶ ತೆಗೆದು ನೋಡಿದ್ರೆ ಅದು ಎಂಥ ಗಂಟು ಅನ್ನೋದರ ಸುಳಿವು ಸಿಗುತ್ತೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೇರೆ ಊರಿನವರು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಿಂದ ಶುರು ಮಾಡಿ. ಎಣ್ಣೆಯ ಮಾತು ಆಮೇಲೆ ಆಡಿದ್ರಾಯ್ತು.